ಬಿಲ್ಲು ಮೆದುವಾಯಿತೆಂದು ಒಲೆಗೆ ಹಾಕಬೇಡಿ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಗೆ ರಾಗಿ ಹೊಲ ನೋಡಲು ಹೋಗಿದ್ದೆ. ಹೊಲದ ಕೆಲಸ ಮುಗಿದ ಮೇಲೆ ಹಿರಿಯ ರೈತರೊಬ್ಬರು ಮಜ್ಜಿಗೆ ಕುಡಿದು ಹೋಗಿ ಎಂದು ಮನೆಗೆ ಕರೆದರು. ಜಗಲಿಯ ಮೇಲೆ ಕುಳಿತಿರುವಾಗ ಮೂಲೆಯ ಸೌದೆಯ ರಾಶಿಯಲ್ಲಿ ಒಂದು ಬಿಲ್ಲು ಕಣ್ಣಿಗೆ ಬಿತ್ತು. ನಯವಾಗಿ ಹೆರೆದು, ಉಪ್ಪುಕಾಗದದಿಂದ ಉಜ್ಜಿ, ತುದಿಗಳಿಗೆ ಕಚ್ಚು ಕೊರೆದ ಹೊಸ ಬಿಲ್ಲು.

"ಇದೇನು ಗೌಡರೇ, ಇಷ್ಟು ಚೆಂದದ ಬಿಲ್ಲನ್ನು ಸೌದೆಯ ಜೊತೆ ಹಾಕಿದ್ದೀರಿ?" ಎಂದು ಕೇಳಿದೆ.

"ಅದರ ಸುದ್ದಿ ಎತ್ತಬೇಡಿ ಸ್ವಾಮಿ. ನಮ್ಮ ಬದುವಿನ ತಡಸಲು ಮರದ್ದು. ಎಂಟು ತಿಂಗಳು ಅಟ್ಟದ ಮೇಲೆ ಒಣಗಿಸಿದ್ದೆ. ಮಗಳು ತಾಲ್ಲೂಕಿನ ಯುವತಿ ಮಂಡಲಗಳ ಬಾಣದ ಪಂದ್ಯಕ್ಕೆ ಬೇಕು ಅಂದಳು. ಇಬ್ಬರೂ ಕೂತು ಹೆರೆದೆವು. ಕೊನೆಗೆ ನೋಡಿದರೆ ಬಾಳೆಪಟ್ಟೆ ಹಾಗೆ ಬಾಗುತ್ತೆ. ಬಾಣ ಇಪ್ಪತ್ತು ಹೆಜ್ಜೆ ಹೋಗಿ ನೆಲ ಮೂಸುತ್ತೆ. ಹೆರೆದ ಮರ ಮತ್ತೆ ಹತ್ತುತ್ತದೆಯೇ? ನೀರು ಕಾಯಿಸೋಕಾದರೂ ಆಗಲಿ ಅಂತ ಹಾಕಿದೆ."

ಒಳಗಿನಿಂದ ಅವರ ಮನೆಯಾಕೆ ಹೇಳಿದರು: "ಕೊನೆಯಲ್ಲಿ ಹೆರೆದವಳು ಮಗಳೇ ಅಂತ ಇವರು ಒಂದು ಮಾತು ಅಂದುಬಿಟ್ಟರು. ಎರಡು ದಿನವಾಯಿತು, ಹುಡುಗಿ ಸರಿಯಾಗಿ ಉಂಡಿಲ್ಲ."

ಪಂದ್ಯಕ್ಕೆ ಇನ್ನು ಐದು ವಾರಗಳಿದ್ದವು. ಹೊಸ ಮರ ಕಡಿದು ಒಣಗಿಸಲು ಕಾಲವಿರಲಿಲ್ಲ. ಅಂಗಡಿಯ ಬಿಲ್ಲು ಕೊಳ್ಳಲು ಆ ಮನೆಯಲ್ಲಿ ಹಣವಿರಲಿಲ್ಲ. ಆ ಬಿಲ್ಲನ್ನು ಸೌದೆಯ ರಾಶಿಯಿಂದ ಎತ್ತಿಕೊಂಡು ನಾವು ಮೂವರೂ ಸೇರಿ ಏನು ಮಾಡಿದೆವು, ಏಕೆ ಮಾಡಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಬ್ಲಾಕಿನ ಹಲವು ಯುವಕ ಮಂಡಲಗಳಲ್ಲಿ ಹುಡುಗರು ತಾವೇ ಬಿಲ್ಲು ಮಾಡಿಕೊಳ್ಳುತ್ತಿರುವುದರಿಂದ ಇದು ಅನೇಕರಿಗೆ ಉಪಯೋಗವಾದೀತು.

ಬಿಲ್ಲಿನ ಅಂಗಗಳು

ಮೊದಲು ನಾಲ್ಕು ಹೆಸರುಗಳನ್ನು ತಿಳಿದುಕೊಳ್ಳೋಣ. ಕೈಯಲ್ಲಿ ಹಿಡಿಯುವ ನಡುಭಾಗ ಹಿಡಿ. ಅದರ ಮೇಲೆ ಕೆಳಗೆ ಬಾಗುವ ಎರಡು ಭಾಗಗಳು ತೋಳುಗಳು. ಬಾಣ ಬಿಡುವವನ ಮುಖದ ಕಡೆ ಇರುವ ಮೈ ಬಿಲ್ಲಿನ ಹೊಟ್ಟೆ. ಗುರಿಯ ಕಡೆ ಇರುವ ಮೈ ಬಿಲ್ಲಿನ ಬೆನ್ನು. ಹೆದೆಯನ್ನು ಎಳೆದಾಗ ಬೆನ್ನಿನ ನಾರುಗಳು ಹಿಗ್ಗುತ್ತವೆ, ಹೊಟ್ಟೆಯ ನಾರುಗಳು ಕುಗ್ಗುತ್ತವೆ. ಬಿಲ್ಲು ಮುರಿಯುವುದು ಬಹುಮಟ್ಟಿಗೆ ಬೆನ್ನಿನ ಕಡೆಯಿಂದ. ಆದುದರಿಂದ ಬೆನ್ನಿನ ಮೇಲೆ ಉಳಿ, ಕುಡುಗೋಲು ತಾಗಿಸಬಾರದು. ಹೆರೆಯುವ ಕೆಲಸವೆಲ್ಲ ಹೊಟ್ಟೆಯ ಕಡೆಯೇ ನಡೆಯಬೇಕು.

ಮೊದಲು ತೂಗಿ ನೋಡಿ

"ಮೆದುವಾಗಿದೆ" ಎಂಬ ಮಾತು ಕೆಲಸಕ್ಕೆ ಬಾರದು. ಎಷ್ಟು ಮೆದು ಎಂದು ತಿಳಿಯಬೇಕು. ಗೊಬ್ಬರವನ್ನು ಅಳತೆಯಿಲ್ಲದೆ ಹಾಕಬಾರದೆಂದು ನಾವು ಹೇಳುವುದಿಲ್ಲವೇ? ಇದೂ ಹಾಗೆಯೇ.

ಬಿಲ್ಲಿಗೆ ಹೆದೆ ಏರಿಸಿ, ಹಿಡಿಯನ್ನು ಗೋಡೆಯ ಗಟ್ಟಿ ಗೂಟದ ಮೇಲೆ ಕೂರಿಸಿ. ಹೆದೆ ಕೆಳಗೆ ಬರಲಿ. ಹೆದೆಯ ನಡುವಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಕೆಳಕ್ಕೆ ಎಳೆಯಿರಿ. ಹಿಡಿಯ ಬೆನ್ನಿನಿಂದ ಹೆದೆಯವರೆಗೆ ನಿಮಗೆ ಬೇಕಾದ ಎಳೆತ ಬಂದಾಗ ತಕ್ಕಡಿಯ ಮುಳ್ಳು ಎಷ್ಟು ಕಿಲೋ ತೋರಿಸುತ್ತದೆಯೋ ಅದೇ ಬಿಲ್ಲಿನ ಬಲ. ಸ್ಪ್ರಿಂಗ್ ತಕ್ಕಡಿ ಇಲ್ಲದಿದ್ದರೆ ಕೊಡದಲ್ಲಿ ನೀರು ಅಳೆದು ಹಾಕಿ ತೂಗುಹಾಕಬಹುದು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಖಾಲಿ ಕೊಡದ ತೂಕವನ್ನು ಸೇರಿಸಿಕೊಳ್ಳಿ. ಆದರೆ ಕೊಡದ ಕೆಳಗೆ ಕೈ ಕೊಟ್ಟಿರಬೇಕು, ಅಳತೆ ನೋಡಿದ ಕೂಡಲೇ ಇಳಿಸಬೇಕು. ಬಿಲ್ಲನ್ನು ಬಾಗಿಸಿ ಹಾಗೆಯೇ ನಿಲ್ಲಿಸಿದರೆ ಮರ ಸೋಲುತ್ತದೆ.

ಈ ಹುಡುಗಿಯ ಎಳೆತ 24 ಅಂಗುಲ. ಆಕೆಗೆ ಬೇಕಾಗಿದ್ದುದು 12 ಕಿಲೋ ಬಲ. ತಕ್ಕಡಿ ತೋರಿಸಿದ್ದು 8 ಕಿಲೋ.

ಮೆದುವಾಗಲು ಕಾರಣವೇನು?

ತಂದೆ ಮಗಳು ಬಹಳ ಮರ ತೆಗೆದಿರಲಿಲ್ಲ. ತೋಳಿನ ದಪ್ಪ 10.5 ಮಿಲಿಮೀಟರ್ ಇತ್ತು. 12 ಮಿಲಿಮೀಟರ್ ಇದ್ದಿದ್ದರೆ ಸರಿಯಾಗುತ್ತಿತ್ತು. ಒಂದೂವರೆ ಮಿಲಿಮೀಟರಿನ ತಪ್ಪಿಗೆ ಮೂರರಲ್ಲೊಂದು ಪಾಲು ಬಲ ಹೋಯಿತೆಂದರೆ ನಂಬುವುದು ಕಷ್ಟ. ಗೌಡರೂ ನಂಬಲಿಲ್ಲ. ಅವರ ಮನೆಯ ಮಾಡಿಗೆ ತಂದಿದ್ದ ಒಂದು ರೀಪನ್ನು ಎರಡು ಕಲ್ಲುಗಳ ಮೇಲೆ ಅಗಲವಾಗಿ ಮಲಗಿಸಿ, ನಡುವೆ ಕೈಯಿಂದ ಒತ್ತಲು ಹೇಳಿದೆ. ಬಾಗಿತು. ಅದೇ ರೀಪನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಲು ಹೇಳಿದೆ. ಅಲುಗಲಿಲ್ಲ. ಮರ ಅದೇ, ತೂಕ ಅದೇ. ಬಾಗುವ ದಿಕ್ಕಿನಲ್ಲಿ ದಪ್ಪ ಹೆಚ್ಚಾಯಿತು, ಅಷ್ಟೇ.

ಇದರ ಲೆಕ್ಕ ಹೀಗಿದೆ. ಅಗಲ ಎರಡರಷ್ಟಾದರೆ ಬಿಗಿ ಎರಡರಷ್ಟಾಗುತ್ತದೆ. ಆದರೆ ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. ದಪ್ಪವನ್ನು ಮೂರು ಸಲ ಗುಣಿಸಿದ ಲೆಕ್ಕದಲ್ಲಿ ಬಲ ಏರುತ್ತದೆ, ಇಳಿಯುತ್ತದೆ. 12 ಮಿಲಿಮೀಟರ್ ದಪ್ಪದ ತೋಳಿನಿಂದ ಒಂದು ಮಿಲಿಮೀಟರ್ ಹೆರೆದರೆ ಹೆಚ್ಚುಕಡಿಮೆ ಕಾಲು ಪಾಲು ಬಲ ಹೋಗುತ್ತದೆ. ಒಂದೂವರೆ ಮಿಲಿಮೀಟರ್ ಹೆರೆದರೆ 12 ಕಿಲೋ ಬಿಲ್ಲು 8 ಕಿಲೋ ಆಗುತ್ತದೆ. ಲೆಕ್ಕವೂ ತಕ್ಕಡಿಯೂ ಒಂದೇ ಮಾತು ಹೇಳಿದವು.

ಇದನ್ನು ಕೇಳಿ ಗೌಡರು ಮಗಳ ಕಡೆ ತಿರುಗಿ, "ಅಷ್ಟು ಸಣ್ಣದು ಕಣ್ಣಿಗೆ ಹೇಗೆ ಕಂಡೀತು, ಬಿಡವ್ವ" ಎಂದರು. ಹುಡುಗಿ ಆಗ ಹತ್ತಿರ ಬಂದು ಕುಳಿತಳು.

ಎರಡನೆಯ ಕಾರಣವೂ ಇತ್ತು. ಮರ ಅಟ್ಟದಲ್ಲಿ ಒಣಗಿದ್ದು ನಿಜ. ಆದರೆ ಹೆರೆದದ್ದು ಮಳೆಗಾಲದಲ್ಲಿ, ಇಟ್ಟಿದ್ದು ಹಸಿ ಗೋಡೆಗೆ ಒರಗಿಸಿ. ಒಣಗಿದ ಮರವೂ ಒಣಗಿದ ಕಾಳಿನಂತೆ ಗಾಳಿಯ ತೇವವನ್ನು ಹೀರುತ್ತದೆ. ತೇವದ ಮರ ಮೆದು.

ಮೂರನೆಯದಾಗಿ, ಅವಸರ. ಪ್ರತಿ ಸಲ ಹೆರೆದ ಮೇಲೆ ಬಿಲ್ಲನ್ನು ಮೂವತ್ತು ನಲವತ್ತು ಸಲ ಸ್ವಲ್ಪ ಸ್ವಲ್ಪ ಎಳೆದು ಬಿಡಬೇಕು. ಹೆರೆದುದರ ಪರಿಣಾಮ ಆಮೇಲೆ ತೋರುತ್ತದೆ. ಇವರು ಒಂದೇ ಸಂಜೆಯಲ್ಲಿ ಹೆರೆದು ಮುಗಿಸಿದ್ದರು.

ಮಾಡಬಾರದ ಕೆಲಸಗಳು

ಉಪಾಯಗಳಿಗೆ ಮೊದಲು ಅಪಾಯಗಳನ್ನು ಹೇಳಿಬಿಡುತ್ತೇನೆ.

ಬಿಲ್ಲು ಮೆದುವಾದರೆ ಇನ್ನಷ್ಟು ದೂರ ಎಳೆದರಾಯಿತು ಎಂದು ಎಲ್ಲರಿಗೂ ತೋರುತ್ತದೆ. ನಾನು ಹನ್ನೆರಡು ವರ್ಷದವನಾಗಿದ್ದಾಗ ಹಾಗೆಯೇ ಮಾಡಿದೆ. ಬಿಲ್ಲು ಎರಡು ತುಂಡಾಗಿ ಮೇಲಿನ ತುಂಡು ಹುಬ್ಬಿಗೆ ಬಡಿಯಿತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಗುರುತು ಈಗಲೂ ಇದೆ. ಯಾವ ಎಳೆತಕ್ಕೆಂದು ಬಿಲ್ಲು ಮಾಡಿದೆಯೋ ಅದಕ್ಕಿಂತ ಹೆಚ್ಚು ಎಳೆಯಬಾರದು.

ಬಾಣವಿಲ್ಲದೆ ಹೆದೆ ಎಳೆದು ಒಮ್ಮೆಲೇ ಬಿಡಬಾರದು. ಬಾಣ ಕೊಂಡೊಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿನ ಮೇಲೆಯೇ ಬಿದ್ದು ಮರ ಸೀಳುತ್ತದೆ. ಪರೀಕ್ಷೆಗೆ ಎಳೆದರೆ ಮೆಲ್ಲಗೆ ಹಿಂದಕ್ಕೆ ತಂದು ಬಿಡಬೇಕು.

ಬಾಗು ಸರಿಯಿಲ್ಲವೆಂದು ಮತ್ತೆ ಮತ್ತೆ ಹೆರೆಯುತ್ತ ಹೋಗಬಾರದು. ಪ್ರತಿ ಹೆರೆತವೂ ಬಲವನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ.

ಮೊದಲನೆಯ ಉಪಾಯ: ಒಣಗಿಸುವುದು

ಇದಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ. ಹೆದೆ ಬಿಚ್ಚಿ, ಬಿಲ್ಲನ್ನು ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ ಅಡ್ಡವಾಗಿ ಎರಡು ಗೂಟಗಳ ಮೇಲೆ ಇಡಿ. ನೇರ ಬಿಸಿಲಿಗೆ ಇಡಬೇಡಿ; ಒಂದು ಮೈ ಬೇಗ ಒಣಗಿ ಮರ ತಿರುಚುತ್ತದೆ ಅಥವಾ ಬಿರುಕು ಬಿಡುತ್ತದೆ. ಎರಡು ದಿನಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಿರುವವರೆಗೆ ಮರದಲ್ಲಿ ನೀರು ಹೋಗುತ್ತಿದೆ ಎಂದು ಅರ್ಥ. ತೂಕ ನಿಂತರೆ ಒಣಗಿತು.

ಈ ಬಿಲ್ಲು ಮೊದಲ ದಿನ 560 ಗ್ರಾಂ ತೂಗಿತು. ಹತ್ತು ದಿನದಲ್ಲಿ 535 ಗ್ರಾಮಿಗೆ ಬಂದು ನಿಂತಿತು. ಆಗ ಬಲ ನೋಡಿದರೆ 8 ಕಿಲೋ ಇದ್ದದ್ದು 8.7 ಕಿಲೋ ಆಗಿತ್ತು. 25 ಗ್ರಾಂ ನೀರು ಹೋದದ್ದೇ ಅಷ್ಟು ಕೆಲಸ ಮಾಡಿತು. ಬಿತ್ತನೆ ಬೀಜವನ್ನು ಚೆನ್ನಾಗಿ ಒಣಗಿಸಿ ಇಡಿ ಎಂದು ನಾವು ಹೇಳುವಾಗ ನಗುವವರು ಇದನ್ನು ನೆನಪಿಡಲಿ.

ಎರಡನೆಯ ಉಪಾಯ: ಉದ್ದ ಕಡಿಮೆ ಮಾಡುವುದು

ದಪ್ಪವನ್ನು ಮತ್ತೆ ಹಚ್ಚಲು ಆಗದಿದ್ದರೂ ಉದ್ದವನ್ನು ಕಡಿಮೆ ಮಾಡಬಹುದು. ಉದ್ದನೆಯ ಗಳ ಸುಲಭವಾಗಿ ಬಾಗುತ್ತದೆ, ಅದನ್ನೇ ಕತ್ತರಿಸಿ ಗಿಡ್ಡ ಮಾಡಿದರೆ ಬಾಗುವುದಿಲ್ಲ. ಇದೂ ಮೂರು ಸಲ ಗುಣಿಸುವ ಲೆಕ್ಕವೇ, ಆದರೆ ತಿರುಗುಮುರುಗು: ತೋಳು ಗಿಡ್ಡವಾದಷ್ಟೂ ಬಲ ಏರುತ್ತದೆ.

ಆದರೆ ಎಷ್ಟು ಬೇಕಾದರೂ ಕತ್ತರಿಸಬಹುದೇ? ಇಲ್ಲ. ಗಿಡ್ಡ ಬಿಲ್ಲನ್ನು ಅಷ್ಟೇ ದೂರ ಎಳೆದರೆ ಮರದ ಮೇಲೆ ಬೀಳುವ ಶ್ರಮ ಹೆಚ್ಚು. ಹಿಡಿ ಬಾಗದೆ ಗಟ್ಟಿಯಾಗಿರುವ ಬಿಲ್ಲು ಎಳೆತದ ಎರಡೂವರೆಯಷ್ಟು ಉದ್ದವಿದ್ದರೆ ನಿಶ್ಚಿಂತೆ. 24 ಅಂಗುಲ ಎಳೆಯುವವರಿಗೆ 60 ಅಂಗುಲ. ಅದಕ್ಕಿಂತ ಕೆಳಗೆ ಇಳಿಯುವುದು ಬೇಡ.

ನಮ್ಮ ಬಿಲ್ಲು 66 ಅಂಗುಲ ಉದ್ದವಿತ್ತು. ಹಿಡಿಯನ್ನು ಬಿಟ್ಟು ಪ್ರತಿ ತೋಳು 30 ಅಂಗುಲ. ಎರಡು ತುದಿಗಳಿಂದಲೂ ಅರ್ಧರ್ಧ ಅಂಗುಲ ಕತ್ತರಿಸಿ, ಹೊಸ ಕಚ್ಚು ಕೊರೆದು, ಹೆದೆಯನ್ನು ಗಿಡ್ಡ ಮಾಡಿ ತೂಗಿದೆವು. ಹೀಗೆ ನಾಲ್ಕು ಸಲ. ಕೊನೆಗೆ ಪ್ರತಿ ತೋಳು 28 ಅಂಗುಲ, ಬಿಲ್ಲು 62 ಅಂಗುಲಕ್ಕೆ ನಿಂತಿತು. ಲೆಕ್ಕದ ಪ್ರಕಾರ 10.7 ಕಿಲೋ ಆಗಬೇಕಿತ್ತು. ತಕ್ಕಡಿ 10.4 ತೋರಿಸಿತು. ಮರ ಪುಸ್ತಕ ಓದಿ ಬೆಳೆಯುವುದಿಲ್ಲ. ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಒಮ್ಮೆಗೇ ಎರಡು ಅಂಗುಲ ಕತ್ತರಿಸದೆ ಅರ್ಧರ್ಧ ಅಂಗುಲ ಏಕೆ? ಮೊದಲನೆಯ ತಪ್ಪು ಅವಸರದಿಂದಲೇ ಆದದ್ದು. ಎರಡನೆಯ ತಪ್ಪು ಮಾಡಲು ಈ ಬಿಲ್ಲಿನಲ್ಲಿ ಮರ ಉಳಿದಿಲ್ಲ.

ಕತ್ತರಿಸಿದ ಮೇಲೆ ತುದಿಗಳು ಮೊದಲಿಗಿಂತ ಅಗಲವಾಗಿ ಕಾಣುತ್ತವೆ. ಅವನ್ನು ಎರಡು ಪಕ್ಕಗಳಿಂದ ಮಾತ್ರ ಅರದಿಂದ ಸಣ್ಣ ಮಾಡಿ, ದಪ್ಪ ಮುಟ್ಟಬೇಡಿ. ತುದಿ ಹಗುರವಾದಷ್ಟೂ ಬಿಲ್ಲು ಬೇಗ ಮರಳುತ್ತದೆ, ಬಾಣ ಚುರುಕಾಗಿ ಹೋಗುತ್ತದೆ. ಚಾಟಿಯ ತುದಿ ಸಣ್ಣಗಿರುವಂತೆ ಎಂದು ತಿಳಿಯಿರಿ.

ಮೂರನೆಯ ಉಪಾಯ: ಕೆಂಡದ ಕಾವು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ. ಆದರೆ ಒಣಮರವನ್ನೂ ಕಾವು ಬಗ್ಗಿಸುತ್ತದೆ, ಬಗ್ಗಿದ ಮೇಲೆ ಗಟ್ಟಿಯನ್ನೂ ಮಾಡುತ್ತದೆ. ಹೊಟ್ಟೆಯ ಕಡೆಯ ಮರವನ್ನು ಹದವಾಗಿ ಕಾಯಿಸಿದರೆ ಅದು ಕುಗ್ಗುವ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ.

ನಮ್ಮ ಬಿಲ್ಲು ಎಳೆದು ಎಳೆದು ಹೆದೆಯ ಕಡೆಗೆ ಸ್ವಲ್ಪ ಬಾಗಿ ನಿಂತುಬಿಟ್ಟಿತ್ತು. ಹೆದೆ ಬಿಚ್ಚಿದರೂ ನೆಟ್ಟಗಾಗುತ್ತಿರಲಿಲ್ಲ. ಅದನ್ನು ತಿದ್ದಲು ಒಂದು ನೇರವಾದ ತೊಲೆಯ ತುಂಡಿಗೆ ಬಿಲ್ಲಿನ ಹಿಡಿಯನ್ನು ಕಟ್ಟಿದೆವು. ಬೆನ್ನು ತೊಲೆಯ ಕಡೆ, ಹೊಟ್ಟೆ ಮೇಲ್ಮುಖ. ಹಿಡಿಯ ಕೆಳಗೆ ಒಂದು ಅಂಗುಲದ ಬಿಲ್ಲೆ ಕೊಟ್ಟು ಎರಡು ತುದಿಗಳನ್ನೂ ತೊಲೆಗೆ ಎಳೆದು ಬಿಗಿದೆವು. ಹೀಗೆ ಬಿಲ್ಲು ಎದುರು ದಿಕ್ಕಿಗೆ ಸ್ವಲ್ಪ ಬಾಗಿ ನಿಂತಿತು. ಆಮೇಲೆ ತೊಲೆಯ ಸಮೇತ ಮಗುಚಿ, ಹೊಟ್ಟೆಯ ಮೈಯನ್ನು ಕೆಂಡದ ಮೇಲೆ ಹಿಡಿದೆವು.

ಇಲ್ಲಿ ಗಮನಿಸಬೇಕಾದ ಅಂಶಗಳು:

1. ಉರಿ ಇರಬಾರದು, ಹೊಗೆ ಇರಬಾರದು. ನಿಗಿನಿಗಿ ಕೆಂಡ ಮಾತ್ರ.

2. ಕೆಂಡಕ್ಕೂ ಮರಕ್ಕೂ ಐದಾರು ಅಂಗುಲ ಅಂತರವಿರಲಿ.

3. ಒಂದೊಂದು ಗೇಣಿಗೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ, ನಿಧಾನವಾಗಿ ಸರಿಸುತ್ತ ಕಾಯಿಸಬೇಕು. ಬಣ್ಣ ಹುರಿದ ಕಡಲೆಕಾಯಿಯ ಸಿಪ್ಪೆಯಂತೆ ಕಂದಾದರೆ ಸಾಕು. ಕಪ್ಪಾದರೆ ಮರ ಸುಟ್ಟಿತು, ಕೆಟ್ಟಿತು.

4. ಬೆನ್ನಿಗೆ ಕಾವು ತಾಗಿಸಬಾರದು. ಕಾದ ಬೆನ್ನು ಪೆಡಸಾಗಿ ಮುರಿಯುತ್ತದೆ.

5. ಹಿಡಿಯನ್ನೂ, ಎರಡು ತುದಿಗಳ ಕಚ್ಚಿನ ಜಾಗವನ್ನೂ ಕಾಯಿಸುವುದು ಬೇಡ.

6. ಪೂರ್ತಿ ತಣ್ಣಗಾಗುವವರೆಗೆ ಕಟ್ಟು ಬಿಚ್ಚಬಾರದು. ಬಿಚ್ಚಿದ ಮೇಲೆ ನಾಲ್ಕು ದಿನ ಹೆದೆ ಏರಿಸಬಾರದು. ಕಾಯಿಸಿದ ಮರ ತೀರ ಒಣಗಿ ಪೆಡಸಾಗಿರುತ್ತದೆ. ಗಾಳಿಯಿಂದ ಸ್ವಲ್ಪ ತೇವ ಹಿಂದಕ್ಕೆ ಬರಬೇಕು.

ಈ ನಾಲ್ಕು ದಿನ ಕಾಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹುಡುಗಿ ದಿನಕ್ಕೆರಡು ಸಲ ಬಿಲ್ಲನ್ನು ಮುಟ್ಟಿ ನೋಡುತ್ತಿದ್ದಳೆಂದು ಆಕೆಯ ತಾಯಿ ಹೇಳಿದರು. ಐದನೆಯ ದಿನ ತೂಗಿದಾಗ 11.4 ಕಿಲೋ ಬಂತು.

ನಾಲ್ಕನೆಯ ಉಪಾಯ: ಬೆನ್ನಿಗೆ ಬಿದಿರಿನ ಪಟ್ಟಿ

ನಮಗೆ ಇದು ಬೇಕಾಗಲಿಲ್ಲ. ಆದರೆ ಬಿಲ್ಲು ಇನ್ನೂ ಮೆದುವಾಗಿದ್ದರೆ, ಅಥವಾ ಕತ್ತರಿಸಲು ಉದ್ದವೇ ಇಲ್ಲದಿದ್ದರೆ ಉಳಿಯುವ ದಾರಿ ಇದೊಂದೇ. ಹೆರೆದ ಮರ ಮತ್ತೆ ಹತ್ತುವುದಿಲ್ಲ ಎಂಬ ಗೌಡರ ಮಾತಿಗೆ ಇದೇ ಉತ್ತರ: ಹೊಟ್ಟೆಗೆ ಹತ್ತದಿದ್ದರೂ ಬೆನ್ನಿಗೆ ಹತ್ತುತ್ತದೆ.

ಬಲಿತ, ಚೆನ್ನಾಗಿ ಒಣಗಿದ ಬಿದಿರನ್ನು ಸೀಳಿ ಎರಡು ಮಿಲಿಮೀಟರ್ ದಪ್ಪದ ಪಟ್ಟಿ ಮಾಡಿ. ಒಳಗಿನ ಮೆದು ಭಾಗವನ್ನು ಹೆರೆದು ಸಮ ಮಾಡಬೇಕು. ಹೊರಗಿನ ಹೊಳೆಯುವ ಮೈಯಲ್ಲಿಯೇ ಬಿದಿರಿನ ಬಲವೆಲ್ಲ ಇರುವುದರಿಂದ ಅದನ್ನು ಹೆರೆಯಬಾರದು. ಬಿಲ್ಲಿನ ಬೆನ್ನನ್ನು ಉಪ್ಪುಕಾಗದದಿಂದ ಒರಟು ಮಾಡಿ, ಎಣ್ಣೆ ಜಿಡ್ಡು ಇಲ್ಲದಂತೆ ಒರೆಸಿ, ಎಪಾಕ್ಸಿ ಅಂಟು ಹಚ್ಚಿ ಪಟ್ಟಿಯನ್ನು ಕೂರಿಸಿ. ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಕತ್ತರಿಸಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಗಿಯಾಗಿ ಸುತ್ತಿ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ.

10.5 ಮಿಲಿಮೀಟರ್ ತೋಳಿಗೆ ಎರಡು ಮಿಲಿಮೀಟರ್ ಸೇರಿದರೆ ಬಲ ಒಂದೂವರೆಯಷ್ಟಕ್ಕಿಂತ ಹೆಚ್ಚಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚು ಬಂದರೆ ಒಳ್ಳೆಯದೇ ಆಯಿತು. ಹೊಟ್ಟೆಯ ಕಡೆ ಮೆಲ್ಲಗೆ ಹೆರೆದು ಹದಕ್ಕೆ ತರಬಹುದು. ಬಲ ಬೇಕೆಂದು ದಪ್ಪ ಪಟ್ಟಿ ಅಂಟಿಸಬೇಡಿ. ಬಿದಿರು ಎಳೆತಕ್ಕೆ ಬಹಳ ಗಟ್ಟಿ. ಹೊಟ್ಟೆಯ ಮರ ಅದಕ್ಕೆ ಸರಿಸಾಟಿಯಾಗಲಾರದೆ ಅಡ್ಡಡ್ಡ ನೆರಿಗೆ ಬಿದ್ದು ಜಜ್ಜಿಹೋಗುತ್ತದೆ. ಇನ್ನೊಂದು ಮಾತು: ಕೆಂಡದ ಕಾವು ಕೊಡುವುದಿದ್ದರೆ ಪಟ್ಟಿ ಅಂಟಿಸುವ ಮೊದಲೇ ಕೊಡಿ. ಆಮೇಲೆ ಕೊಟ್ಟರೆ ಅಂಟು ಬಿಡುತ್ತದೆ.

ಬೆನ್ನಿಗೆ ಬಲ ಕೊಡುವ ಈ ವಿದ್ಯೆ ಹೊಸದಲ್ಲ. ಉತ್ತರ ಧ್ರುವದ ಹತ್ತಿರದ ಹಿಮದ ನಾಡಿನಲ್ಲಿ ಮರಗಳೇ ಬೆಳೆಯುವುದಿಲ್ಲ. ಅಲ್ಲಿನ ಇನ್ಯೂಟ್ ಜನರು ಸಮುದ್ರ ತೇಲಿಸಿ ತಂದ ಮರದ ತುಂಡಿನಿಂದ ಬಿಲ್ಲು ಮಾಡಿ, ಪ್ರಾಣಿಗಳ ಸ್ನಾಯುವಿನ ನಾರಿನಿಂದ ಹೊಸೆದ ಹುರಿಯನ್ನು ಬೆನ್ನಿನುದ್ದಕ್ಕೂ ಬಿಗಿಯುತ್ತಿದ್ದರು. ಮರ ಸಾಧಾರಣವಾಗಿದ್ದರೂ ಹುರಿ ಅದಕ್ಕೆ ಬಲ ಕೊಡುತ್ತಿತ್ತು. ತುರುಕರ ಮತ್ತು ಮೊಗಲರ ಕಾಲದ ಬಿಲ್ಲುಗಳಲ್ಲಿ ಬೆನ್ನಿಗೆ ಸ್ನಾಯುವಿನ ನಾರು, ಹೊಟ್ಟೆಗೆ ಕೊಂಬಿನ ಪಟ್ಟಿ ಇರುತ್ತಿದ್ದವು. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಎಂಬ ಹೆಸರು ಬಂದದ್ದೂ ಶೃಂಗ, ಎಂದರೆ ಕೊಂಬು, ಎಂಬ ಶಬ್ದದಿಂದಲೇ.

ಒಂದು ತೋಳು ಮಾತ್ರ ಸೋತಿದ್ದರೆ

ಕೆಲವು ಬಿಲ್ಲುಗಳಲ್ಲಿ ಒಂದು ತೋಳು ಹೆಚ್ಚು ಬಾಗುತ್ತದೆ, ಇನ್ನೊಂದು ಬಿಗಿಯಾಗಿರುತ್ತದೆ. ಆಗ ಮೆದು ತೋಳಿನ ತುದಿಯಿಂದ ಮಾತ್ರ ಅರ್ಧ ಅಂಗುಲ ಕತ್ತರಿಸಿ ನೋಡಿ. ಬಿಗಿ ತೋಳನ್ನು ಹೆರೆದರೂ ಎರಡೂ ಸಮವಾಗುತ್ತವೆ. ಆದರೆ ಒಟ್ಟು ಬಲ ಇನ್ನೂ ಇಳಿಯುತ್ತದೆ.

ಒಂದೇ ಜಾಗದಲ್ಲಿ ಕೀಲಿನಂತೆ ಮಡಚುತ್ತಿದ್ದರೆ ಎಳೆಯುವುದನ್ನು ಕೂಡಲೇ ನಿಲ್ಲಿಸಿ. ಶ್ರಮವೆಲ್ಲ ಆ ಒಂದೇ ಜಾಗಕ್ಕೆ ಬೀಳುತ್ತಿದೆ. ಬಿಲ್ಲು ಅಲ್ಲಿಯೇ ಮುರಿಯುತ್ತದೆ. ಬಾಗು ನೋಡಲು ಸುಣ್ಣ ಬಳಿದ ಗೋಡೆಯ ಎದುರು ಬಿಲ್ಲನ್ನು ಹಿಡಿದು ಒಬ್ಬರು ಎಳೆಯಲಿ, ಇನ್ನೊಬ್ಬರು ದೂರ ನಿಂತು ನೋಡಲಿ. ಎಳೆಯುವವನಿಗೆ ತನ್ನ ಬಿಲ್ಲಿನ ದೋಷ ಕಾಣುವುದಿಲ್ಲ.

ಬೆನ್ನಿನಲ್ಲಿ ಬಿರುಕು ಕಂಡರೆ, ಅಥವಾ ಎಳೆದಾಗ "ಟಿಕ್" ಎಂದು ಸದ್ದು ಬಂದರೆ ಅಂತಹ ಬಿಲ್ಲಿಗೆ ಇಲ್ಲಿ ಹೇಳಿದ ಯಾವ ಉಪಾಯವೂ ಬೇಡ. ಅದನ್ನು ಒಲೆಗೆ ಹಾಕಬಹುದು.

ಬಾಣವೂ ಬದಲಾಗಬೇಕು

ಬಿಲ್ಲಿನ ಬಲ ಏರಿದಾಗ ಹಳೆಯ ಬಾಣಗಳು ಸರಿಹೊಂದುವುದಿಲ್ಲ. 8 ಕಿಲೋ ಬಿಲ್ಲಿಗೆ ನೆಟ್ಟಗೆ ಹೋಗುತ್ತಿದ್ದ ಸಣ್ಣ ಬಾಣ 11 ಕಿಲೋ ಬಿಲ್ಲಿನಲ್ಲಿ ಹೆಚ್ಚು ಬಳುಕಿ ಪಕ್ಕಕ್ಕೆ ಹೋಗುತ್ತದೆ. ಸ್ವಲ್ಪ ದಪ್ಪನೆಯ, ಗಟ್ಟಿಯಾದ ಕಡ್ಡಿ ಬೇಕು. ಪ್ರತಿ ಬಾಣವನ್ನೂ ಬಿಡುವ ಮೊದಲು ಎರಡು ಕೈಯಿಂದ ಮೆಲ್ಲಗೆ ಬಾಗಿಸಿ ಬಿರುಕಿದೆಯೇ ನೋಡಬೇಕು. ಬಿರುಕಿರುವ ಬಾಣ ಬಿಡುವಾಗ ಸೀಳಿ ಬಿಲ್ಲು ಹಿಡಿದ ಕೈಗೆ ನಾಟುತ್ತದೆ. ಬಾಣ ಎಳೆತಕ್ಕಿಂತ ಎರಡು ಅಂಗುಲವಾದರೂ ಉದ್ದವಿರಬೇಕು.

ಕೆಲಸ ಮುಗಿದ ಮೇಲೆ ಬಿಲ್ಲಿಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಎರಡು ಮೂರು ಸಲ ಒರೆಸಿ ಒಣಗಿಸಿದರೆ ತೇವ ಬೇಗ ಹೀರುವುದಿಲ್ಲ. ಹರಳೆಣ್ಣೆ ಒಣಗುವ ಎಣ್ಣೆಯಲ್ಲ. ಜಿಡ್ಡಾಗಿ ಧೂಳು ಹಿಡಿಯುತ್ತದೆ. ಉಪಯೋಗಿಸದಿರುವಾಗ ಹೆದೆ ಬಿಚ್ಚಿಯೇ ಇಡಬೇಕು. ಸಂಜೆ ಎತ್ತಿನ ಕೊರಳಿನಿಂದ ನೊಗ ಇಳಿಸುವುದಿಲ್ಲವೇ? ಬಿಲ್ಲಿಗೂ ವಿಶ್ರಾಂತಿ ಬೇಕು.

ಒಂದು ಎಚ್ಚರಿಕೆ

ಈ ಬಿಲ್ಲುಗಳು ಆಟಕ್ಕೆ, ಗುರಿಯ ಅಭ್ಯಾಸಕ್ಕೆ ಮಾತ್ರ. ಕಾಡುಪ್ರಾಣಿ, ಪಕ್ಷಿಗಳಿಗೆ ಬಾಣ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅಪರಾಧ. ಗುರಿಯಾಗಿ ಹುಲ್ಲಿನ ಹೊರೆಯನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿ. ಅದರ ಹಿಂದೆ ಮಣ್ಣಿನ ದಿಬ್ಬವಿರಲಿ. ದಾರಿ, ಮನೆ, ದನದ ಕೊಟ್ಟಿಗೆ ಇರಬಾರದು. ಎಲ್ಲರೂ ಬಾಣ ಬಿಟ್ಟು ಮುಗಿಸಿ ಬಿಲ್ಲು ಕೆಳಗಿಟ್ಟ ಮೇಲೆಯೇ ಬಾಣ ಆರಿಸಲು ಹೋಗಬೇಕು. ಮಕ್ಕಳು ಅಭ್ಯಾಸ ಮಾಡುವಾಗ ಹಿರಿಯರೊಬ್ಬರು ಜೊತೆಗಿರಲೇಬೇಕು.

ಪಂದ್ಯದ ದಿನ

ಬೇಕಾಗಿದ್ದುದು 12 ಕಿಲೋ, ಸಿಕ್ಕಿದ್ದು 11.4. ಇನ್ನೂ ಒಂದು ಅಂಗುಲ ಕತ್ತರಿಸಿದರೆ 12 ಆಗುತ್ತದಲ್ಲ ಎಂದು ನಾನೇ ಅಂದೆ. ಹುಡುಗಿ ಬೇಡವೆಂದಳು. "ಇಷ್ಟು ಸಾಕು ಸಾರ್. ಇನ್ನು ಕೈಯನ್ನು ತಿದ್ದಿಕೊಳ್ಳುತ್ತೇನೆ" ಎಂದಳು. ಆ ಮಾತು ನನಗೆ ಸರಿಯೆನಿಸಿತು. ಉಳಿದ ದಿನಗಳಲ್ಲಿ ಕಣದ ಅಂಚಿನಲ್ಲಿ ಹುಲ್ಲಿನ ಹೊರೆ ನಿಲ್ಲಿಸಿಕೊಂಡು ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಿದಳು.

ಹೆಣ್ಣುಮಗುವಿಗೆ ಬಿಲ್ಲು ಏಕೆ ಎಂದು ಊರಿನಲ್ಲಿ ಒಬ್ಬಿಬ್ಬರು ಆಡಿಕೊಂಡರೆಂದು ಗೌಡರು ನನ್ನಲ್ಲಿ ಹೇಳಿದರು. ಆಗ ನಾನು ಅವರಿಗೆ ದೀಪಿಕಾ ಕುಮಾರಿಯ ವಿಷಯ ತಿಳಿಸಿದೆ. ಜಾರ್ಖಂಡಿನ ಆಟೋ ಓಡಿಸುವವರ ಮಗಳು. ಮೊದಲು ಅಭ್ಯಾಸ ಮಾಡಿದ್ದು ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲಿನಲ್ಲಿ. 2010ರಲ್ಲಿ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬಿಲ್ಲುಗಾರಿಕೆಯ ಚಿನ್ನ ಗೆದ್ದಳು. ನಮ್ಮ ದೇಶದ ಪಂದ್ಯಗಳಲ್ಲಿ ಬಿದಿರಿನ ಬಿಲ್ಲಿಗೆಂದೇ "ಇಂಡಿಯನ್ ರೌಂಡ್" ಎಂಬ ಪ್ರತ್ಯೇಕ ವಿಭಾಗವೂ ಇದೆ. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಡಿಕೊಳ್ಳೋರು ಆಡಿಕೊಳ್ಳಲಿ ಬಿಡಿ" ಎಂದರು.

ಪಂದ್ಯದಲ್ಲಿ ಆಕೆಗೆ ಬಹುಮಾನ ಬರಲಿಲ್ಲ. ಆದರೆ ಬಿಟ್ಟ ಬಾಣಗಳಲ್ಲಿ ಒಂದೂ ನೆಲಕ್ಕೆ ಬೀಳಲಿಲ್ಲ. ಎಲ್ಲವೂ ಗುರಿಯ ಹಲಗೆಗೆ ನಾಟಿದವು. ಸಂಜೆ ಬಸ್ ನಿಲ್ದಾಣದಲ್ಲಿ ತಂದೆ ಮಗಳು ಸಿಕ್ಕರು. ಬಿಲ್ಲು ಗೌಡರ ಹೆಗಲ ಮೇಲಿತ್ತು. ಜನ ನೂಕುತ್ತಿದ್ದರು, ಅವರು ಎರಡು ಕೈಯಲ್ಲಿ ಅದನ್ನು ಮೇಲಕ್ಕೆತ್ತಿ ಹಿಡಿದು ಬಸ್ ಹತ್ತಿದರು.

ರೈತ ಬಾಂಧವರೇ, ಮೆದುವಾದ ಬಿಲ್ಲು ಕೆಟ್ಟ ಬಿಲ್ಲಲ್ಲ. ತೂಗಿ ನೋಡಿ, ಕಾರಣ ಹುಡುಕಿ, ಖರ್ಚಿಲ್ಲದ ಉಪಾಯವನ್ನು ಮೊದಲು ಮಾಡಿ, ಪ್ರತಿ ಹೆಜ್ಜೆಗೂ ಮತ್ತೆ ತೂಗಿ. ಕೆಲಸ ಕೆಟ್ಟಾಗ ಯಾರ ಕೈಯಿಂದ ಕೆಟ್ಟಿತೆಂದು ಕೇಳುವುದಕ್ಕಿಂತ ಎಷ್ಟು ಕೆಟ್ಟಿದೆ ಎಂದು ಕೇಳುವುದು ಲಾಭ. ನಿಮ್ಮ ಮನೆಯಲ್ಲಿಯೂ ಅಂತಹ ಬಿಲ್ಲೊಂದು ಸೌದೆಯ ರಾಶಿಯಲ್ಲಿದ್ದರೆ ಇವತ್ತೇ ಎತ್ತಿಡಿ. ನಾನು ನಿಮ್ಮ ಹಳ್ಳಿಗೆ ಬಂದಾಗ ತೋರಿಸಿ. ಸ್ಪ್ರಿಂಗ್ ತಕ್ಕಡಿ ನನ್ನ ಚೀಲದಲ್ಲಿರುತ್ತದೆ.

— ನಿಮ್ಮ ಗ್ರಾಮಸೇವಕ